ಗೊರೂರಿನಲ್ಲಿ ಬಸ್ಸಿಳಿದ ಬೆಳಿಗ್ಗೆ

2021ನೇ ಇಸವಿ. ಕೊರೋನಾದ ಎರಡನೇ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಾನು ಆಗ ಅರಕಲಗೂಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಹುಟ್ಟೂರು ಹೊಳೆನರಸೀಪುರ, ಮೊದಲ ನೌಕರಿ ಚನ್ನರಾಯಪಟ್ಟಣ, ಆಮೇಲೆ ಹಾಸನ, ಕೊನೆಗೆ ಅರಕಲಗೂಡು. ಇಡೀ ನೌಕರಿಯನ್ನು ಒಂದೇ ಜಿಲ್ಲೆಯೊಳಗೆ ಸುತ್ತಿ ಮುಗಿಸಿದವಳು ನಾನು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು, ಎಲ್ಲರೂ ಪಾಸು. ಊರೆಲ್ಲ ಖುಷಿಪಟ್ಟರೆ ನನಗೆ ಚಿಂತೆ ಹತ್ತಿತು. ಬೇರೆ ವರ್ಷಗಳಲ್ಲಿ ವೃತ್ತಿ ಕೋರ್ಸುಗಳ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕ ಅರ್ಧ ಸೇರುತ್ತಿತ್ತು. ಆ ಸಲ ಸಿಇಟಿ ಒಂದೇ. ಪಾಠವನ್ನೇ ಸರಿಯಾಗಿ ಕೇಳದ ಮಕ್ಕಳು ಆ ಒಂದು ಪರೀಕ್ಷೆಗೆ ಹೋಗಿ ಕೂರಬೇಕಿತ್ತು.

ಅಂಥವರಲ್ಲಿ ಒಬ್ಬಳು ಚೈತ್ರ. ರಾಮನಾಥಪುರದ ಹತ್ತಿರದ ಹಳ್ಳಿಯವಳು. ಅಪ್ಪ ತಮ್ಮಯ್ಯ ಹೊಗೆಸೊಪ್ಪು ಬೆಳೆಯುವವರು. ಜುಲೈ ಮೊದಲಲ್ಲಿ ಮಗಳನ್ನು ಕರೆದುಕೊಂಡು ನನ್ನ ಬಾಡಿಗೆ ಮನೆಯ ಜಗಲಿಗೆ ಬಂದರು. ಮುಖಕ್ಕೆ ಟವೆಲ್ ಸುತ್ತಿಕೊಂಡು ಆರಡಿ ದೂರದಲ್ಲೇ ನಿಂತರು.

"ಮೇಡಮ್ಮೋರೆ, ಇವ್ಳು ಫಾರ್ಮಸಿನೇ ಓದ್ಬೇಕಂತೆ. ಒಂದ್ ಸಲ ಬರೀಲಿ. ಆಗ್ನಿಲ್ಲ ಅಂದ್ರೆ ಅವ್ರಕ್ಕನ ಜೊತೆ ಹಾಸನದ ಗಾರ್ಮೆಂಟ್ಸಿನ ವ್ಯಾನ್ ಅತ್ತಿಸ್ಬುಡ್ತೀನಿ. ಇನ್ನೊಂದ್ ವರ್ಷ ಕೂರಿಸ್ಕಂಡು ಓದ್ಸಕ್ಕೆ ನನ್ ಕೈಲಾಗಕಿಲ್ಲ."

ಕೆಟ್ಟ ಮನುಷ್ಯರಲ್ಲ. ದೊಡ್ಡವಳಿಗೆ ಕೊಡದ ಅವಕಾಶವನ್ನು ಚಿಕ್ಕವಳಿಗೆ ಒಂದು ಸಲ ಕೊಟ್ಟಿದ್ದೇ ಅವರ ಲೆಕ್ಕದಲ್ಲಿ ಹೆಚ್ಚು. ನಾನು ಹುಡುಗಿಯ ಕಡೆ ತಿರುಗಿ, ಫಾರ್ಮಸಿಯೇ ಯಾಕೆ ಎಂದು ಕೇಳಿದೆ. ಅವಳು ನೆಲ ನೋಡುತ್ತ ಹೇಳಿದಳು: "ಮಾತ್ರೆ ನುಂಗಿದ್ರೆ ಅದು ಒಟ್ಟೆಗ್ ಓಯ್ತದೆ. ನೋವು ತಲೇಲಿದೆ ಅಂತ ಅದಕ್ಕೆಂಗ್ ಗೊತ್ತಾಯ್ತದೆ ಮೇಡಂ?"

ಅಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಪರೀಕ್ಷೆಗೆ ಯಾವುದು ಬರುತ್ತದೆ ಎನ್ನುವುದು ಮಾತ್ರ. ಸರಿ, ನಾಳೆಯಿಂದ ಬಾ ಎಂದೆ.

ಮೊದಲ ವಾರ ನನಗೇ ಜ್ವರ ಬರುವುದೊಂದು ಬಾಕಿ. ಅವಳ ಹೈಸ್ಕೂಲಿನಲ್ಲಿ ವಿಜ್ಞಾನದ ಹುದ್ದೆ ಖಾಲಿಯಿದ್ದು, ಕನ್ನಡದ ಮೇಷ್ಟ್ರೇ ಪುಸ್ತಕ ಹಿಡಿದು ಓದಿ ಹೇಳುತ್ತಿದ್ದರಂತೆ. ಪಿಯುಸಿಯ ಪಾಠವೆಲ್ಲ ಫೋನಿನಲ್ಲಿ. ಆ ಫೋನಿಗೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಬ್ಯಾರನ್‌ನ ಪಕ್ಕದ ದಿಬ್ಬದ ಮೇಲೆ ಮಾತ್ರ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಎತ್ತರದ ಗೂಡು. ಆಮ್ಲ, ಪ್ರತ್ಯಾಮ್ಲ ಗೊತ್ತು, ಆಸಿಡ್, ಬೇಸ್ ಎಂದರೆ ಕಣ್ಣು ಬಿಡುತ್ತಾಳೆ. ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರೆ ಆಸಿಡ್ ಬಾಟಲಿ ಕಂಡು ನನ್ನ ಬೆನ್ನ ಹಿಂದೆ ನಿಂತಳು. ಸಿಇಟಿಯಲ್ಲಿ ಒಂದು ವಿಷಯಕ್ಕೆ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಸರಿಯಾದುದರ ವೃತ್ತಕ್ಕೆ ಪೆನ್ನಿನಲ್ಲಿ ಬಣ್ಣ ತುಂಬಬೇಕು. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಹನ್ನೊಂದು.

"ಕಣ್ಣು ಮುಚ್ಚಿಕೊಂಡು ತುಂಬಿದ್ದರೂ ಹದಿನೈದು ಬರಬೇಕಿತ್ತಲ್ಲೇ ತಾಯಿ, ಕಣ್ಣು ಬಿಟ್ಟುಕೊಂಡು ನಾಲ್ಕು ಕಳೆದೆಯಲ್ಲ" ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ. ಅತ್ತುಬಿಟ್ಟಳು.

ಆಗ ಗೊತ್ತಾಯಿತು, ಅವಳಿಗೆ ವಿಜ್ಞಾನಕ್ಕಿಂತ ಆ ವೃತ್ತಗಳ ಭಯ ದೊಡ್ಡದು ಎಂದು. ಒಂದು ಸಲ ತುಂಬಿದರೆ ಅಳಿಸುವ ಹಾಗಿಲ್ಲ ಎನ್ನುವುದೇ ಅವಳನ್ನು ಹೆದರಿಸುತ್ತಿತ್ತು. ಪೆನ್ನು ಹಿಡಿದರೆ ಅಂಗೈ ಬೆವರಿ ಹಾಳೆ ಒದ್ದೆಯಾಗುತ್ತಿತ್ತು. ಪಠ್ಯದಲ್ಲಿ ಅವಳಿಗೆ ಎಟುಕದ ಅಧ್ಯಾಯಗಳನ್ನು ಕೈಬಿಟ್ಟೆ, ಎಟುಕುವವನ್ನು ಬುಡದಿಂದ ಹಿಡಿದೆ. ಅಲ್ಲಿಯವರೆಗೆ ಅವಳು ಬೆಳಿಗ್ಗೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಆಮೇಲೆ ಬಸ್ಸು ಹತ್ತಿ ಬರುತ್ತಿದ್ದಳು. ಪುಸ್ತಕದ ಮೇಲೇ ನಿದ್ದೆ. ಜುಲೈ ಕೊನೆಯಲ್ಲಿ ತಮ್ಮಯ್ಯನವರನ್ನು ಕರೆಸಿ, ಪರೀಕ್ಷೆ ಮುಗಿಯುವ ತನಕ ಇವಳನ್ನು ಹೊಲಕ್ಕೆ ಇಳಿಸಲೇಬೇಡಿ ಎಂದು ಕೈಮುಗಿದು ಕೇಳಿಕೊಂಡೆ. ಸೊಪ್ಪು ಹಣ್ಣಾಗುವ ಕಾಲದಲ್ಲಿ ಒಂದು ಆಳನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆದರೂ ಒಪ್ಪಿದರು, ಹಾಗೇ ನಡೆದುಕೊಂಡರು. ಆಗಸ್ಟ್ ತುಂಬ ಅವಳು ಹಸಿ ಎಲೆ ಮುಟ್ಟಲಿಲ್ಲ. ಅಭ್ಯಾಸದ ಅಂಕ ಮೂವತ್ತು ದಾಟಿತು.

ಆಗಸ್ಟ್ ಕೊನೆಯ ಶನಿವಾರ ಬೆಳಿಗ್ಗೆ ಹಾಸನದಲ್ಲಿ ಜೀವಶಾಸ್ತ್ರದ ಪರೀಕ್ಷೆ ಚೆನ್ನಾಗಿಯೇ ಆಯಿತು. ಫಾರ್ಮಸಿಗೆ ಜೀವಶಾಸ್ತ್ರ, ಗಣಿತ ಎರಡರಲ್ಲಿ ಒಂದಿದ್ದರೆ ಸಾಕಾದ್ದರಿಂದ ಮಧ್ಯಾಹ್ನದ ಗಣಿತ ಬಿಟ್ಟು ಊರಿಗೆ ಹೋದಳು. ಭಾನುವಾರ ಬೆಳಿಗ್ಗೆ ಭೌತಶಾಸ್ತ್ರ, ಮಧ್ಯಾಹ್ನ ರಸಾಯನಶಾಸ್ತ್ರ. ಅವತ್ತು ಜೊತೆಗೆ ಬರುತ್ತೇನೆಂದು ನಾನೇ ಹೇಳಿದ್ದೆ.

ಅಪ್ಪ ಮಗಳು ಬಂದ ಬಸ್ಸನ್ನು ಅರಕಲಗೂಡಿನಲ್ಲಿ ಹತ್ತಿದೆ. ಅವಳ ಮುಖ ನೋಡಿ ಪಕ್ಕದಲ್ಲೇ ಕೂತೆ. ಬಿಳಿಚಿಕೊಂಡಿದ್ದಳು, ಹಣೆ ತುಂಬ ತಣ್ಣನೆ ಬೆವರು. "ತಲೆ ಸುತ್ತತದೆ ಮೇಡಂ" ಎಂದಳು. ಗೊರೂರು ಹತ್ತಿರವಾಗುವಷ್ಟರಲ್ಲಿ ಮಾಸ್ಕ್ ಕಿತ್ತು ಕಿಟಕಿಯಾಚೆ ವಾಂತಿ ಮಾಡಿದಳು. ಒಮ್ಮೆಯಲ್ಲ, ಮತ್ತೆ ಮತ್ತೆ.

ಬಸ್ಸಿನಲ್ಲಿ ಒಮ್ಮೆಲೇ ಗದ್ದಲವೆದ್ದಿತು. "ಕೊರೋನಾ ಕಣ್ರೀ, ಇಳುಸ್ರೀ ಮೊದ್ಲು!" ಎಂದು ಹಿಂದಿನ ಸೀಟಿನವರು ಕೂಗಿದರು. ನಮ್ಮ ಸುತ್ತ ಎರಡು ಸಾಲು ಖಾಲಿಯಾಯಿತು. ಕಂಡಕ್ಟರ್ ಬೈಯಲಿಲ್ಲ, ದೂರದಿಂದಲೇ ಕೈ ಮುಗಿದರು: "ಇಳ್ಕಳ್ರಮ್ಮ, ನಮ್ಗೂ ಮಕ್ಕಳವೆ." ಗೊರೂರಿನಲ್ಲಿ ಇಳಿದೆವು. ಬಸ್ಸು ಹೊರಟುಹೋಯಿತು.

ನನಗೆ ಅವತ್ತಿನಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ಮೇ ತಿಂಗಳಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಇದೇ ಕಾಯಿಲೆಯಲ್ಲಿ ಹೋಗಿದ್ದರು. ಹುಡುಗಿಗೆ ಏನಾದರೂ ಆದರೆ ಎಂಬ ಭಯ, ನನಗೂ ಅಂಟಿದರೆ ಎಂಬ ಭಯ, ಪರೀಕ್ಷೆ ತಪ್ಪಿದರೆ ಎಂಬ ಭಯ. ಯಾವುದು ಮೊದಲು ಎಂದು ನನಗೇ ತಿಳಿಯದು. ಇಬ್ಬರೂ ಹಿಡಿದುಕೊಂಡು ಅವಳನ್ನು ಸರ್ಕಾರಿ ಆಸ್ಪತ್ರೆಗೆ ನಡೆಸಿದೆವು. ಅಲ್ಲಿದ್ದ ನರ್ಸಮ್ಮ ಜ್ವರ ನೋಡಿದರು, ಇರಲಿಲ್ಲ. ಆದರೂ ಮೂಗಿಗೆ ಕಡ್ಡಿ ಹಾಕಿ ರ‍್ಯಾಪಿಡ್ ಟೆಸ್ಟ್ ಮಾಡಿದರು. "ಎರಡು ಗೆರೆ ಬಂದ್ರೆ ನಾನು ಬಿಡೋ ಹಾಗಿಲ್ಲ ಮೇಡಂ. ಹದಿನೈದು ನಿಮಿಷ ಕೂತ್ಕೊಳ್ಳಿ" ಎಂದರು.

ಬೆಂಚಿನ ಮೇಲೆ ಅವಳು ನನ್ನ ಭುಜಕ್ಕೆ ಒರಗಿದಳು. ಅವಳ ಕೈ ಹಿಡಿದುಕೊಂಡೆ. ಕೈ ಅಂಟಂಟಾಯಿತು. ಬಿಡಿಸಿ ನೋಡಿದರೆ ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಕಪ್ಪು ಅಂಟು. ತಿಂಗಳಿಂದ ಆ ಕೈ ಬೆಳ್ಳಗಿತ್ತು. ಮೂಗಿಗೆ ಹಿಡಿದೆ. ಹಸಿ ಹೊಗೆಸೊಪ್ಪಿನ ಘಾಟು.

"ನಿನ್ನೆ ಊರಿಗೆ ಹೋಗಿ ಏನು ಮಾಡಿದೆ?"

ಅವಳು ಅಪ್ಪನ ಕಡೆ ನೋಡಿದಳು. ತಮ್ಮಯ್ಯನವರು ಟವೆಲ್ ತೆಗೆದು ಮುಖ ಒರೆಸಿಕೊಂಡರು. "ನಿಮ್ಗೆ ಮಾತ್ ಕೊಟ್ಟಿದ್ದೆ ಮೇಡಮ್ಮೋರೆ, ಅದಕ್ಕೇ ಏಳ್ನಿಲ್ಲ. ಮಳೆ ಇಡ್ಕತ್ತು, ಎಲೆ ಹಣ್ಣಾಗಿತ್ತು, ಅವ್ರಮ್ಮ ಒಬ್ಳೇ ಮುರೀತಿದ್ಲು. ಇವ್ಳು ಬ್ಯಾಡ ಅಂದ್ರೂ ಕೇಳ್ದೆ ಬಂದು ನೆಂದ್ಕಂಡೇ ಮುರುದ್ಲು. ಸೊಪ್ಪಲ್ಲೇ ಉಟ್ಟಿ ಬೆಳ್ದೋಳು, ಏನಾಯ್ತದೆ ಅನ್ಕಂಡೆ."

ಹೊಸ ಆಳುಗಳಿಗೆ ಒದ್ದೆ ಸೊಪ್ಪು ಮುರಿದರೆ ತಲೆ ಸುತ್ತಿ ವಾಂತಿಯಾಗುವುದು ಆ ಕಡೆ ಎಲ್ಲರಿಗೂ ಗೊತ್ತು. ಮನೆಯವರಿಗೆ ಆಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿದ್ದ ವಿಷಯವೇ. ಗೊತ್ತಿರದಿದ್ದದ್ದು ಒಂದೇ. ಎಲೆಯಲ್ಲಿರುವ ನಿಕೋಟಿನ್ ದಿನಾ ಮೈಗೆ ತಾಗುತ್ತಿದ್ದರೆ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ, ಬಿಟ್ಟರೆ ಆ ಒಗ್ಗಿಕೆಯೂ ಹೋಗುತ್ತದೆ. ಒಂದು ತಿಂಗಳು ಹೊಲ ಬಿಟ್ಟು ಓದಿದ ಚೈತ್ರ ತನ್ನ ಮನೆಯ ಸೊಪ್ಪಿಗೇ ಹೊಸ ಆಳಾಗಿದ್ದಳು.

ಟೆಸ್ಟಿನಲ್ಲಿ ಒಂದೇ ಗೆರೆ ಬಂತು, ಕೊರೋನಾ ಅಲ್ಲ. ನರ್ಸಮ್ಮ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ನಾಡಿ, ಬಿಪಿ ನೋಡಿಸಿದ ಡಾಕ್ಟರು, ಸೋಪು ಹಾಕಿ ಕೈ, ತೋಳು, ಕತ್ತು ಚೆನ್ನಾಗಿ ತೊಳೆಸಿ, ಓಆರ್‌ಎಸ್ ಕುಡಿಸಿ, ಮತ್ತೆ ವಾಂತಿಯಾದರೆ ಹಾಸನದ ಆಸ್ಪತ್ರೆಗೆ ಸೇರಿಸಿ ಎಂದರು. ನಲ್ಲಿಯ ಕೆಳಗೆ ಅವಳ ಕೈ ಉಜ್ಜುತ್ತಿದ್ದೆ. ಕಪ್ಪು ನೀರು ಇಳಿಯುತ್ತಿತ್ತು. ಅವಳು ಕೇಳಿದಳು: "ಕೈಗೆ ಅತ್ತಿದ್ದು ಒಟ್ಟೆಗೆಂಗ್ ಓಯ್ತು ಮೇಡಂ?"

"ಚರ್ಮದಿಂದ ರಕ್ತಕ್ಕೆ ಹೋಯಿತು. ರಕ್ತ ಎಲ್ಲ ಕಡೆಗೂ ಹೋಗುತ್ತದಲ್ಲ."

ತೋಳಿನ ಸೋಪಿನ ನೊರೆ ತೊಳೆದುಕೊಳ್ಳುತ್ತ, "ಅಂಗಾರೆ ಮಾತ್ರೆಗೂ ನೋವೆಲ್ಲಿದೆ ಅಂತ ಗೊತ್ತಿರಕಿಲ್ಲ. ಎಲ್ಲಾ ಕಡೆಗೂ ಓಯ್ತದೆ, ಅಷ್ಟೇಯ" ಎಂದಳು. ನಾನು ಪಾಠದಲ್ಲಿ ಹೇಳಿಕೊಡಲಾಗದ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು. ನನಗೆ ಅಳು ಬಂತು.

ಆಟೋ ಹಿಡಿದು ಹಾಸನ ತಲುಪಿದಾಗ ಗೇಟು ಮುಚ್ಚುವುದರಲ್ಲಿದ್ದರು. ಜ್ವರ ನೋಡುವ ಯಂತ್ರವನ್ನು ಅವಳ ಹಣೆಗೆ ಹಿಡಿದರು. ಒಳಗೆ ಬಿಟ್ಟರು. ಹೊರಗೆ ತಮ್ಮಯ್ಯನವರು ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ನಾನೇ ಕೆಡುಸ್ಬುಟ್ನಾ ಮೇಡಮ್ಮೋರೆ?" ಎಂದು ಕೇಳಿದರು. ನಾನೂ ಅವರ ಪಕ್ಕದಲ್ಲೇ ಕೂತೆ.

ಹೊರಬಂದ ಚೈತ್ರ, "ಅಕ್ಷರ ಓಡಾಡ್ತಿದ್ವು, ಅರ್ಧಕ್ಕರ್ಧ ಓದಕ್ಕೇ ಆಗ್ನಿಲ್ಲ" ಎಂದಳು. ಭೌತಶಾಸ್ತ್ರ ಕೈಬಿಟ್ಟಿತ್ತು. ಉಳಿದದ್ದು ನನ್ನ ವಿಷಯ. ಅವತ್ತು ನಾನು ಒಂದಕ್ಷರ ಪಾಠ ಹೇಳಲಿಲ್ಲ. ಮಜ್ಜಿಗೆ ಕುಡಿಸಿ, ಮರದಡಿಯ ಕಲ್ಲುಬೆಂಚಿನ ಮೇಲೆ ನನ್ನ ತೊಡೆಯ ಮೇಲೆ ತಲೆ ಇಡಿಸಿ ಮಲಗಿಸಿದೆ. ಇವಳು ಎದ್ದಾಗ ಮತ್ತೆ ವಾಂತಿ ಬಂದರೆ ಏನು ಗತಿ ಎಂದು ನೋಡುತ್ತ ಕೂತಿದ್ದೆ. ಎದ್ದಳು, ಕೈ ನೋಡಿಕೊಂಡಳು. "ಒಣಗ್ಯದೆ ಮೇಡಂ" ಎಂದಳು. ಮಧ್ಯಾಹ್ನದ ಪರೀಕ್ಷೆಯಲ್ಲಿ ಅವಳ ಅಂಗೈ ಬೆವರಲಿಲ್ಲವಂತೆ. ಬೆಳಿಗ್ಗೆ ಪಟ್ಟ ಭಯದ ಮುಂದೆ ಆ ವೃತ್ತಗಳು ಸಣ್ಣವಾಗಿ ಕಂಡವಂತೆ.

ರ‍್ಯಾಂಕು ಬಂದಾಗ ಸಂಖ್ಯೆ ಉದ್ದಕ್ಕಿತ್ತು. ಮೊದಲ ಸುತ್ತಿನಲ್ಲಿ ಸೀಟು ಸಿಗಲಿಲ್ಲ. ತಮ್ಮಯ್ಯನವರು ಗಾರ್ಮೆಂಟ್ಸಿನ ವ್ಯಾನಿನವನ ಹತ್ತಿರ ಮಾತಾಡಿಯೂ ಬಂದಿದ್ದರು. ಕೊನೆಯ ಸುತ್ತಿನಲ್ಲಿ ನಮ್ಮ ಜಿಲ್ಲೆಯಲ್ಲೇ ಸರ್ಕಾರಿ ಕೋಟಾದ ಬಿ.ಫಾರ್ಮ ಸೀಟು ಸಿಕ್ಕಿತು. ರಸಾಯನಶಾಸ್ತ್ರದ ಅಂಕವೇ ಅವಳನ್ನು ದಡಕ್ಕೆ ತಂದಿತ್ತು.

ಮುಂದೆ ನಿವೃತ್ತಿಯಾಗುವವರೆಗೂ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಏನು ಓದಿದಿರಿ ಎಂದು ಕೇಳುವುದಕ್ಕೆ ಮೊದಲು, ನಿನ್ನೆ ಸಂಜೆ ಏನು ಮಾಡಿದಿರಿ ಎಂದು ಕೇಳುತ್ತಿದ್ದೆ. ನಿಕೋಟಿನ್ ಹೊಗೆಸೊಪ್ಪಿನಲ್ಲಿರುವ ಆಲ್ಕಲಾಯ್ಡ್ ಎಂದು ವರ್ಷ ವರ್ಷ ಹಲಗೆಯ ಮೇಲೆ ಬರೆದವಳು ನಾನು. ಎದುರಿನ ಬೆಂಚಿನಲ್ಲಿ ಅದನ್ನು ಮೈಮೇಲೆ ಹೊತ್ತು ಕೂತವರು ಯಾರು ಎಂದು ನೋಡುವುದೂ ನನ್ನ ಕೆಲಸವೇ ಎಂದು ಆ ಭಾನುವಾರ ಕಲಿಸಿತು.

ಚೈತ್ರ ಈಗ ರಾಮನಾಥಪುರದ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಸೊಪ್ಪು ಮುರಿಯುವ ಕಾಲದಲ್ಲಿ ಒಂದು ದಿನ ಫೋನ್ ಮಾಡಿದ್ದಳು.

"ಒಬ್ಬಮ್ಮ ಬಂದಿದ್ರು ಮೇಡಂ, ವಾಂತಿಗ್ ಮಾತ್ರೆ ಕೊಡವ್ವ ಅಂತ. ಮೊದ್ಲು ಕೈ ತೋರ್ಸಿ ಅಂದೆ."