ಮೂಗಿನಿಂದ ಒತ್ತಿದ ಪಂಪು

ವಿಶಾಖಪಟ್ಟಣದ ನಮ್ಮ ಕಾರ್ಖಾನೆಯಲ್ಲಿ ನನ್ನಂಥ ಕೈಚಳಕದವನು ಇನ್ನೊಬ್ಬನಿರಲಿಲ್ಲ. ಎದುರು ಕೂತವನ ಜೇಬಿನ ಪೆನ್ನನ್ನು ಅವನದೇ ಟಿಫನ್ ಡಬ್ಬಿಗೆ ಸೇರಿಸಿ, ಆಮೇಲೆ ಹುಡುಕಲು ನಾನೇ ಮುಂದಾಗುತ್ತಿದ್ದೆ. ಅಂಥ ಕೈ ತೊಂಬತ್ತರ ದಶಕದ ಶುರುವಿನಲ್ಲಿ ನಡುಗತೊಡಗಿತು. ಹೆಂಡತಿಗೂ ಹೇಳಲಿಲ್ಲ. ಕಾಫಿಯನ್ನು ಅರ್ಧ ಲೋಟ ಮಾತ್ರ ಹಾಕಿಸಿಕೊಂಡು, ಪಿತ್ತ ಅನ್ನುತ್ತಿದ್ದೆ.

ಆಗಲೇ ನಮ್ಮ ನೀರಿನ ಪಂಪುಗಳ ಕಂಟ್ರೋಲ್ ರೂಮಿಗೆ ಬೆರಳಿಟ್ಟರೆ ಮಾತು ಕೇಳುವ ಪರದೆ ಬಂತು. ಹಳೆಯ ಗುಂಡಿಗಳನ್ನು ಗಟ್ಟಿಯಾಗಿ ಅದುಮಬೇಕಿತ್ತು. ನಡುಕವನ್ನೆಲ್ಲ ಅವೇ ನುಂಗಿಕೊಳ್ಳುತ್ತಿದ್ದವು. ಈ ಪರದೆ ಹಾಗಲ್ಲ. ಅದರ ಸುತ್ತಲಿನ ಕಪ್ಪು ಪಟ್ಟಿಯಿಂದ ಕಣ್ಣಿಗೆ ಕಾಣದ ಬೆಳಕು ಹಾಯುತ್ತಿತ್ತು. ಬೆರಳು ಆ ಬೆಳಕಿಗೆ ಅಡ್ಡ ಬಂದರೆ ಒತ್ತಿದ ಹಾಗೆ. ನನ್ನ ಬೆರಳು ಅಡ್ಡ ಬಂದು, ಸರಿದು, ಮತ್ತೆ ಅಡ್ಡ ಬರುತ್ತಿತ್ತು. ಒಮ್ಮೆ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ಬಂದ್; ಹಾಗಾಗಿ ಪಂಪು ಶುರುವಾದ ಮರುಕ್ಷಣವೇ ನಿಲ್ಲುತ್ತಿತ್ತು.

ನಮ್ಮ ಇನ್‌ಚಾರ್ಜ್ ಧಾರವಾಡದವರು. ನೋಡಿಬಿಟ್ಟರು.

"ಏನ್ರೀ, ಪಂಪಿಗೆ ಕಚಗುಳಿ ಇಡಾಕತ್ತೀರೇನು?"

"ಸಲಿಗೆ ಬೆಳೀಲಿ ಅಂತ ಸಾರ್."

"ಸಲಿಗಿ ಸಾಕು. ದಸರಾ ಮುಗೀಲಿ, ಒಬ್ಬೊಬ್ಬರನ್ನ ಕರ್ದು ನೋಡ್ತೀನಿ. ಒತ್ತಾಕ ಬರದವ್ರು ಲಾರಿ ತೂಗಾಕ ಹೋಗ್ರಿ."

ಲಾರಿ ತೂಗುವ ಜಾಗ ಗೇಟಿನಾಚೆ, ಬಿಸಿಲು ಧೂಳಿನಲ್ಲಿ. ಬಿಸಿಲಿಗೆ ನಾನು ಹೆದರುವವನಲ್ಲ. ಆದರೆ ಕಂಟ್ರೋಲ್ ರೂಮಿನ ಕುರ್ಚಿ ಯಾಕೆ ಹೋಯಿತು ಅಂತ ಊರೆಲ್ಲ ಕೇಳುತ್ತದಲ್ಲ, ಅದಕ್ಕೆ ನಿದ್ದೆ ಹತ್ತುತ್ತಿರಲಿಲ್ಲ.

ಆಯುಧಪೂಜೆಗೆ ಇನ್‌ಚಾರ್ಜ್ ವಿಜಯವಾಡದ ಬೆಟ್ಟದಿಂದ ಅಮ್ಮನವರ ಕುಂಕುಮ ತಂದರು. ಹೊಸ ಪರದೆಯನ್ನು ಆರಿಸಿ, ಕುಂಕುಮ ನೀರಲ್ಲಿ ಕಲಸಿ, ಅದರ ಮೂಲೆಮೂಲೆಗೂ ತಾವೇ ಧಾರಾಳವಾಗಿ ಹಚ್ಚಿದರು. ಎಲ್ಲರೂ ಅನಕಾಪಲ್ಲಿ ಬೆಲ್ಲದ ಪಾಯಸ ಕುಡಿದು ಮನೆಗೆ ಹೋದೆವು.

ರಜೆ ಮುಗಿಯಿತು. ಮೊದಲ ಕರೆ ನನಗೇ. ಪರದೆ ಹೊತ್ತಿಕೊಂಡದ್ದೇ ತಡ, ಕೀಂ ಕೀಂ ಎಂದು ಕಿರುಚತೊಡಗಿತು.

"ಕೆಡಿಸಿದ್ರೇನು? ಎಂಥಾ ಕೈ ರೀ ನಿಮ್ದು!"

ಪಕ್ಕದಲ್ಲಿದ್ದ ಶ್ರೀಕಾಕುಳದ ಆಪರೇಟರ್ ನನ್ನ ಪರವಾಗಿ ನಿಂತ. "ಆಯನ ಇಂಕಾ ಮುಟ್ಟುಕೋಲೇದು ಸಾರ್!"

ನಿಜ, ನಾನಿನ್ನೂ ಮುಟ್ಟೇ ಇರಲಿಲ್ಲ. ಬಗ್ಗಿ ನೋಡಿದೆ. ಕಪ್ಪು ಪಟ್ಟಿಯ ಮೇಲೆ ಕುಂಕುಮ ಗಟ್ಟಿಯಾಗಿ ಒಣಗಿ ಕೂತಿತ್ತು.

"ಸಾರ್, ಅಮ್ಮನೋರು ಆಗ್ಲೇ ಒತ್ಕೊಂಡು ಕೂತವ್ರೆ."

ಇನ್‌ಚಾರ್ಜ್ ಮುಖ ಕುಂಕುಮಕ್ಕಿಂತ ಕೆಂಪಾಯಿತು. ತಮ್ಮ ಕರ್ಚೀಫಿನಿಂದಲೇ ಒರೆಸಿದರು. ಕಿರುಚಾಟ ನಿಂತಿತು.

"ಹೂಂ, ಈಗ ಒತ್ರಿ."

ಕೈ ಚಾಚಿದೆ. ಎಲ್ಲರ ಕಣ್ಣೂ ಅಲ್ಲೇ. ಬೆರಳು ಗಾಳಿಯಲ್ಲೇ ಕುಣಿಯಿತು. ತಟ್ಟನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ, ಮೂಗಿನಿಂದ ಒತ್ತಿದೆ. ಪಂಪು ಗುಂಯ್ ಎಂದು ಹೊರಟಿತು, ನಿಲ್ಲಲಿಲ್ಲ.

ರೂಮಿಗೆ ರೂಮೇ ನಕ್ಕಿತು. ಇನ್‌ಚಾರ್ಜ್ ಕಣ್ಣೊರೆಸಿಕೊಂಡರು. "ನಡೀರಿ, ಪಾಸು! ಇನ್ನ ಮುಂದ ಮುಟ್ಟೋದೂ ಬ್ಯಾಡಂತ. ದೂರ ನಿಂತು ಕೈ ಅಲ್ಲಾಡಿಸಿದ್ರ ಸಾಕು, ಯಂತ್ರ ತಿಳ್ಕೊಳ್ಳೋ ಕಾಲ ಬರ್ತದ!"

ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಬೆನ್ನ ಹಿಂದೆ ಎಡಗೈ ಬಲಗೈಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ಕೊಡದ ಅಪ್ಪಣೆಯನ್ನೂ ಈ ಕೈಯ ನಡುಕದಲ್ಲೇ ಓದಿಕೊಂಡು ಪಾಲಿಸುವ ಯಂತ್ರ ಬಂದರೆ?

ಸಂಜೆ ಮನೆ ಸೇರುವಷ್ಟರಲ್ಲಿ ಸುದ್ದಿ ಕ್ವಾರ್ಟರ್ಸಿಗೆಲ್ಲ ಹಬ್ಬಿತ್ತು.

"ಮೂಗಿಂದ ಒತ್ತಿದ್ರಂತೆ?" ಎಂದಳು ಹೆಂಡತಿ.

"ನನ್ ಥರ ಒತ್ತೋರು ಈ ಜಿಲ್ಲೇಲೇ ಇಲ್ಲ ಕಣೇ."

ಅವಳು ನಗಲಿಲ್ಲ. ಕಾಫಿ ತಂದಿಟ್ಟಳು. ಲೋಟದ ತುಂಬ ಇತ್ತು.

"ಎರಡೂ ಕೈಲಿ ಹಿಡ್ಕೊಳ್ಳಿ," ಎಂದಳು.