ಬೆಂಗೇರಿಯ ಬಾವಿ ನೀರು

ಅಮ್ಮಿನಬಾವಿಯಿಂದ ಬೆಂಗೇರಿಗೆ ಜಾಗ ನೋಡಲು ಬಂದೆ. ಮನೆ ಕಟ್ಟಲು ನನ್ನ ಕೈಯ ಬಂಗಾರದ ಪಾಟ್ಲಿ ಮಾರಿ ಕೊಳ್ಳುವ ಜಾಗ. ನೀರು ಉಪ್ಪುಪ್ಪು ಸವಳಾಗಿದ್ದರೆ ಪಾಟ್ಲಿ ಹೋದಂತೆಯೇ.

"ನೀರು ಅಂದ್ರ ಅಮೃತರೀ ಅವ್ವಾರ" ಎಂದ ದಲಾಲಿ. ದಲಾಲಿಯ ಬಾಯಲ್ಲಿ ಎಲ್ಲ ಬಾವಿಯೂ ಅಮೃತವೇ. ನಾನು ಸೆರಗಿನ ಗಂಟು ಬಿಚ್ಚಿ, ಊರಿಂದ ತಂದ ತೊಗರಿಬೇಳೆಯನ್ನು ಪಕ್ಕದ ಮನೆಯವಳ ಮುಂದೆ ಹಿಡಿದೆ. ಆ ಜಾಗಕ್ಕೂ ಅವಳ ಮನೆಗೂ ಒಂದೇ ಬಾವಿ.

"ತಂಗಿ, ನಿಮ್ಮ ಬಾವಿ ನೀರಾಗ ಇದನ್ನಿಷ್ಟು ಕುದಿಸಿ ಕೊಡವಾ. ಸವಳ ನೀರಾಗ ಬ್ಯಾಳಿ ಬೇಯೂದಿಲ್ಲ."

ದಲಾಲಿ ನಕ್ಕ. ಅವಳು ನಗಲಿಲ್ಲ, ಒಲೆಯ ಮೇಲೆ ಗಡಿಗೆ ಇಟ್ಟಳು. ಒಲೆ ಊದುತ್ತಲೇ ಕೇಳಿದಳು: "ಎಷ್ಟು ಮಂದಿ ಇರ್ತೀರಿ? ಬಾವಿಕಟ್ಟಿ ಮ್ಯಾಲೆ ಜಗಳಾ ತಗೀತೀರೇನು?"

ಜಾಗ ನೋಡಲು ಬಂದವಳು ನಾನು, ತಪಾಸಣೆ ನನ್ನದೇ ನಡೆದಿತ್ತು.

"ಕಾರಣ ಇದ್ರ ಬಿಡೂದಿಲ್ಲವಾ."

"ನಾನೂ ಹಂಗರೀ."

ಬೇಳೆ ಬೆಣ್ಣೆಯಂತೆ ಬೆಂದಿತ್ತು. ಬೆರಳಿನಿಂದ ಹಿಸುಕಿ ನೋಡಿದೆ, ಒಂದೂ ಗಟ್ಟಿ ಉಳಿದಿರಲಿಲ್ಲ. ದಲಾಲಿಗೆ ಜಾಗದ ಮುಂಗಡ, ಸಂಚಕಾರ ಕೊಡಲು ಎದ್ದರೆ ಅವಳು ಬಿಡಲಿಲ್ಲ. ಅದೇ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ರೊಟ್ಟಿಯ ಜೊತೆ ಮೂವರಿಗೂ ಬಡಿಸಿದಳು.

ದಲಾಲಿ ಎರಡನೇ ಸಲ ತಾಟು ಮುಂದೆ ಮಾಡಿದಾಗ ಹೇಳಿದೆ: "ಈಗ ಅನ್ನಪಾ, ಅಮೃತ ಅಂತ."