ಮಗಳು ಕೊಟ್ಟ ವಾಸನೆ

ಮೈಗೆ ಹಚ್ಚಿದ ಕೂಡಲೇ ಕಿತ್ತಳೆ ಸಿಪ್ಪೆ ಮುರಿದಂಥ ವಾಸನೆ, ಮೂಗಿಗೆ ಚುರುಕ್ಕೆನ್ನುತ್ತದೆ. ರಿಕ್ಷಾ ಡೊಂಬಿವಲಿ ಸ್ಟೇಷನ್ ಮುಟ್ಟುವಷ್ಟರಲ್ಲಿ ಆ ಹುಳಿ ಹಾರಿಹೋಗಿ ಲವಂಗ, ದಾಲ್ಚಿನ್ನಿ ಮೇಲೆ ಬರುತ್ತವೆ. ಆಮೇಲೆ ಮೈಯ ಬಿಸಿಗೆ ಮೆತ್ತಗಾಗಿ, ನನ್ನ ಚರ್ಮದ್ದೇ ವಾಸನೆಯೇನೋ ಎನ್ನುವ ಹಾಗೆ ಕೂತುಬಿಡುತ್ತದೆ. ಇಷ್ಟು ಚೆನ್ನಾದ ವಸ್ತುವಿನ ಮೇಲೆ ನನಗೆ ಸಿಟ್ಟಿದೆ.

ಕೊಟ್ಟವಳು ಮಗಳು. ನವಿ ಮುಂಬಯಿಯ ಖಾರಘರದಲ್ಲಿರುವ ಹುಡುಗನ ಮನೆಗೆ ಮದುವೆ ಮಾತಿಗೆ ಹೊರಟ ಬೆಳಿಗ್ಗೆ ಸೆಂಟಿನ ಬಾಟಲಿ ತಂದು ಕೈಗಿಟ್ಟಳು. ಪ್ರೀತಿಯಿಂದ ತಂದಿದ್ದಾಳೆಂದು ಹಿಗ್ಗಿದೆ. ಅವಳು ನನ್ನ ಸೆರಗು ಮೂಸಿ, "ಮಮ್ಮೀ, ಠೀಕ್ ಸೆ ಲಗಾವೊ. ಕಪಡೋಂ ಮೆ ಎಂಐಡಿಸಿ ಕಾ ಸ್ಮೆಲ್ ಆತಾ ಹೈ," ಎಂದಳು. ಸರಿಯಾಗಿ ಹಚ್ಚಿಕೊಳ್ಳಬೇಕಂತೆ, ನನ್ನ ಬಟ್ಟೆಗೆ ಎಂಐಡಿಸಿಯ ನಾತವಂತೆ. ನಾನು ವಿಜಯಪುರದ ಕನ್ನಡದಲ್ಲಿ ಮಾತಾಡಿದರೆ ಅವಳಿಂದ ಬರುವುದು ಹಿಂದಿಯೇ. ಈಗ ಇಲ್ಲದ ಅವಳಪ್ಪ ಡೊಂಬಿವಲಿಯ ಆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಮಿಕಲ್ ಕಾರ್ಖಾನೆಯಲ್ಲೇ ದುಡಿದು ಅವಳನ್ನು ಓದಿಸಿದ್ದು.

"ಆ ಗಾಳ್ಯಾಗ ಒಣಗಿದ ಅರಿವಿ-ಬಟ್ಟೀನ ಹಾಕ್ಕೊಂಡು ನೀ ಸಾಲಿಗೆ ಹೋಗಿದ್ದಿ," ಎಂದೆ. ಅವಳು ಮೊಬೈಲ್ ನೋಡುತ್ತಿದ್ದಳು.

ಹುಡುಗನ ಮನೆಯವರು ಮರಾಠಿಗರು. ನಾನು ಸಂತೆಪೇಟೆಯಲ್ಲೆಲ್ಲ ಹಿಂದಿಯಲ್ಲೇ ದಿನ ದೂಡಿದವಳು. ಆದರೆ ಅವತ್ತು ಬೀಗರ ಜೊತೆ ಮರಾಠಿಯಲ್ಲೇ ಮಾತಾಡಬೇಕು, ಮಗಳು ತಲೆ ಎತ್ತಿಕೊಂಡು ಕೂರಬೇಕು ಎಂದು ಹಟ ತೊಟ್ಟೆ. ರೈಲಿನುದ್ದಕ್ಕೂ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತ ಹೋದೆ.

ಚಹಾ ಕೊಡುವಾಗ ಹುಡುಗನ ತಾಯಿ ನನ್ನ ಕೈ ಹಿಡಿದು, "ಸೆಂಟ್ ಕಿತೀ ಛಾನ್ ಆಹೇ! ಕುಠಲಾ?" ಎಂದರು, ಎಷ್ಟು ಚೆಂದದ ಸೆಂಟು, ಯಾವುದು ಎಂದು. ವಾಸನೆಗೆ ಮರಾಠಿಯಲ್ಲಿ 'ವಾಸ' ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಆ ಪದ ನನ್ನ ಕಿವಿಗೆ ಬಿದ್ದದ್ದೆಲ್ಲ ಗಟಾರ, ಗ್ಯಾಸಿನ ಸುದ್ದಿಯಲ್ಲೇ. ಮಗಳು ಕೊಟ್ಟದ್ದಕ್ಕೆ ಅಂಥ ಮೋಟು ಪದ ಬೇಡವೆನಿಸಿತು. ನಮ್ಮ ಪದಕ್ಕೇ ಮರಾಠಿ ಬಾಲ ಹಚ್ಚಿ, "ಹೀ ಮಾಝ್ಯಾ ಮುಲೀಚೀ ವಾಸನಾ," ಎಂದುಬಿಟ್ಟೆ.

ಹುಡುಗನ ತಂದೆ ಚಹಾ ಬಸಿಯಲ್ಲಿ ಮುಖ ಹುದುಗಿಸಿದರು. ಹುಡುಗನ ತಾಯಿ ನಗು ತಡೆಯಲಾರದೆ ನನ್ನ ಕಿವಿಯಲ್ಲಿ ಅರ್ಥ ಹೇಳಿದರು. ನಮ್ಮಲ್ಲಿ ವಾಸನೆ ಎಂದರೆ ವಾಸನೆ, ಮಲ್ಲಿಗೆಗೂ ಅದೇ, ಚರಂಡಿಗೂ ಅದೇ. ಅವರಲ್ಲಿ ವಾಸನಾ ಎಂದರೆ ಕಾಮ. ಇದು ನನ್ನ ಮಗಳ ಕಾಮ ಎಂದು ಬೀಗರ ಮುಂದೆ ಹೆಮ್ಮೆಯಿಂದ ಮಣಿಕಟ್ಟು ಚಾಚಿದ್ದೆ! ನಾಚಿಕೆಯಾಯಿತು, ನಗುವೂ ಬಂತು. ಆ ಹೆಂಗಸು ದೊಡ್ಡ ಮನಸ್ಸಿನವರು, "ಅಹೋ, ಹೋತಂ ಅಸಂ," ಹೀಗೆಲ್ಲ ಆಗುತ್ತದೆ ಬಿಡಿ ಎಂದು ನನ್ನ ಭುಜ ತಟ್ಟಿದರು.

ಮಗಳು ಮಾತ್ರ ನಗಲಿಲ್ಲ. "ಆಈಲಾ ಮರಾಠೀ ಯೇತ್ ನಾಹೀ. ಗಾವಾಕಡಚೀ ಆಹೇ," ಎಂದು ಅವರಿಗೆ ಸಮಜಾಯಿಷಿ ಕೊಟ್ಟಳು. ಅವ್ವನಿಗೆ ಮರಾಠಿ ಬರುವುದಿಲ್ಲವಂತೆ, ಹಳ್ಳಿ ಕಡೆಯವಳಂತೆ! ಅವಳು ಹುಟ್ಟುವ ಮೊದಲಿಂದ ಡೊಂಬಿವಲಿಯಲ್ಲಿರುವವಳು ನಾನು. ತಪ್ಪು ಪದಕ್ಕಿಂತ ಈ ಸಮಜಾಯಿಷಿಗೇ ನನಗೆ ಸಿಟ್ಟು ಬಂತು. ಬೀಗರು ಮುಂದಿಟ್ಟ ಬಿಸ್ಕತ್ತು ತಿಂದೆ.

ಮರಳುವಾಗ ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿದೆವು. ಡೊಂಬಿವಲಿಯ ಗಾಡಿಯಲ್ಲಿ ಕೂಡಲು ಜಾಗ ಸಿಕ್ಕ ಮೇಲೆ ನನ್ನ ಕಡೆ ಬಾಗಿದಳು. ಸುತ್ತಲಿನ ಹೆಂಗಸರಿಗೆ ತಿಳಿಯಬಾರದೆಂದೋ ಏನೋ, ನನ್ನ ಭಾಷೆಯಲ್ಲೇ ಹೇಳಿದಳು.

"ಅವ್ವಾ, ಮದಿವ್ಯಾಗ ನೀ ಬಾಯಿ ತೆಗೀಬ್ಯಾಡ."

ಅವಳ ಬಾಯಿಂದ ಇಡೀ ಒಂದು ಕನ್ನಡ ವಾಕ್ಯ ಕೇಳಿ ಎಷ್ಟು ವರ್ಷವಾಗಿತ್ತೋ. ಒಂದಕ್ಷರವೂ ತಪ್ಪಿರಲಿಲ್ಲ.